ಸತ್ಯಾಂಶ: ನೇಲ್ ಪಾಲಿಶ್ ರಿಮೂವರ್ ಹಚ್ಚಿದರೆ ಹಳೇ ಕೀಕ್ಯಾಪ್ ಹೊಸದಾಗುತ್ತಾ?

"ಮೆಕ್ಯಾನಿಕಲ್ ಕೀಬೋರ್ಡಿನ ಕೀಲಿಗಳು ಮಿನುಗುತ್ತಿವೆಯಾ? ನೇಲ್ ಪಾಲಿಶ್ ರಿಮೂವರ್‌ನಿಂದ ಒರೆಸಿ, ಹೊಸದಾಗುತ್ತವೆ" ಎಂಬ ಫಾರ್ವರ್ಡ್ ಓಡಾಡುತ್ತಿದೆ. ದಯವಿಟ್ಟು ಮಾಡಬೇಡಿ.

ಆ ಮಿನುಗು ಬರೀ ಜಿಡ್ಡಲ್ಲ. ಬೆರಳು ತಾಗಿ ತಾಗಿ ಕೀಕ್ಯಾಪಿನ, ಅಂದರೆ ಕೀಲಿಯ ಮೇಲಿನ ಟೋಪಿಯ, ಪ್ಲಾಸ್ಟಿಕ್ಕಿನ ತರಿತರಿ ಮೈ ಸವೆದು ನುಣುಪಾಗಿರುತ್ತದೆ. ಜಿಡ್ಡಾದರೆ ಸೋಪಿನ ನೀರಿಗೆ ಹೋಗುತ್ತದೆ, ಸವೆದದ್ದು ವಾಪಸ್ ಬರುವುದಿಲ್ಲ.

ಎಷ್ಟೋ ರಿಮೂವರ್‌ಗಳಲ್ಲಿ ಅಸಿಟೋನ್ ಇರುತ್ತದೆ. ಎಷ್ಟೋ ಕೀಕ್ಯಾಪ್‌ಗಳನ್ನು ಮಾಡುವ ಎಬಿಎಸ್ ಎಂಬ ಪ್ಲಾಸ್ಟಿಕ್ ಅದರಲ್ಲಿ ಕರಗುತ್ತದೆ. ತ್ರೀಡಿ ಪ್ರಿಂಟ್ ಮಾಡುವವರು ಎಬಿಎಸ್ ವಸ್ತುಗಳಿಗೆ ಹೊಳಪು ಕೊಡಲು ಬಳಸುವುದೂ ಅಸಿಟೋನ್ ಹಬೆಯನ್ನೇ. ಅಂದರೆ ಫಲಿತಾಂಶ ಪೂರ್ತಿ ಉಲ್ಟಾ, ಅಲ್ವಾ?

ಪಿಬಿಟಿ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ಕೀಕ್ಯಾಪ್ ಅಸಿಟೋನನ್ನು ತಡೆದುಕೊಳ್ಳುತ್ತದೆ. ಆದರೆ ಮೇಲೆ ಅಚ್ಚಾದ ಅಕ್ಷರ ಅಳಿಸಬಹುದು. ಮಿನುಗು ಮರೆಸಲು ನಯವಾದ ಉಪ್ಪುಕಾಗದದಿಂದ ಉಜ್ಜಿ ಮ್ಯಾಟ್ (ಹೊಳಪಿಲ್ಲದ) ಸ್ಪ್ರೇ ಹೊಡೆಯಬಹುದು. ಅದೂ ಸವೆಯುತ್ತದೆ. ನನ್ನ ಕೇಳಿದರೆ, ಹೊಸ ಪಿಬಿಟಿ ಸೆಟ್ಟೇ ಸರಿ.