ರನ್‌ವೇ ಹಾಕಿದ್ರೆ ಜನ ಹಾರ್ತಾರಾ?

ನಮ್ಮ ಭಾಗಕ್ಕೆ ವಿಮಾನ ಬರುತ್ತದೆ ಅನ್ನುವ ಸುದ್ದಿ ಮತ್ತೆ ಬಂದಿದೆ. ವಿಮಾನ ಬರಲಿ ಬಿಡಲಿ, ಸುದ್ದಿ ಮಾತ್ರ ಯಾವತ್ತೂ ಲೇಟಾಗಿಲ್ಲ. ರಾಯಚೂರಿಗೆ ಯರಮರಸ್, ಬಳ್ಳಾರಿಗೆ ಚಾಗನೂರು. ಕೊಪ್ಪಳದವರು ಬಿಡ್ತಾರಾ? ಅವರಿಗೂ ಒಂದು ಬೇಕು. ಗಿಣಿಗೇರಾದಲ್ಲಿ ಏರ್‌ಸ್ಟ್ರಿಪ್ ಇದೆ, ಆದರೆ ಅದು ಖಾಸಗಿ ಕಂಪನಿಯದು. ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ 2017ರಲ್ಲೇ ಉಡಾನ್, ಅಂದರೆ ಸಣ್ಣ ಊರುಗಳಿಗೆ ಅಗ್ಗದ ವಿಮಾನ ಕೊಡುವ ಕೇಂದ್ರದ ಯೋಜನೆಯ ವಿಮಾನ ಹಾರಿತ್ತು. ಹಾರಿಸಿದ ಟ್ರೂಜೆಟ್ ಕಂಪನಿ ಆಮೇಲೆ ಹಾರಾಟವನ್ನೇ ನಿಲ್ಲಿಸಿತು, ಅದು ಬೇರೆ ಮಾತು.

ನಮ್ಮ ನಾಯಕರ ಅರ್ಥಶಾಸ್ತ್ರ ಬಹಳ ಸುಲಭ. ರನ್‌ವೇ ಹಾಕಿದರೆ ಸಾಕು, ಮೊದಲ ಮಳೆಗೆ ರೆಕ್ಕೆ ಹಚ್ಚಿಕೊಂಡು ಏಳುವ ಮಳೆಹುಳುವಿನ ಹಾಗೆ ಪ್ರಯಾಣಿಕರು ಏಳುತ್ತಾರೆ. ಜೇಬಲ್ಲಿ ದುಡ್ಡು, ಹೋಗಲೇಬೇಕಾದ ಕೆಲಸ, ಉಳಿಯುವ ಟೈಮಿಗೆ ಒಂದು ಬೆಲೆ ಇವೆಲ್ಲ ಸುಮ್ನೆ ಪುಸ್ತಕದ ಮಾತು.

ಉಡಾನ್ ಲೆಕ್ಕ ಗೊತ್ತಲ್ವಾ? ಶುರುವಾದಾಗ ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ, ಅದೂ ಸುಮಾರು ಅರ್ಧ ಸೀಟಿಗೆ. ಕಂಪನಿಗೆ ಬೀಳುವ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತಿತ್ತು. ಆಮೇಲೆ ನಿಮ್ಮ ದಾರಿ ನಿಮಗೆ. ಸರ್ಕಾರದ ಖರ್ಚಿನ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿ ನೋಡಿ: ಹಂಚಿದ್ದು 774 ಮಾರ್ಗ, ಶುರುವೇ ಆಗದ್ದು 403, ಮೂರು ವರ್ಷ ಪೂರೈಸಿದ್ದು 112, ಅದರಾಚೆಗೂ ಉಳಿದದ್ದು 54. ಹವಾಯಿ ಚಪ್ಪಲಿ ಹಾಕಿದವರೂ ವಿಮಾನದಲ್ಲಿ ಹಾರಲಿ ಅಂದಿದ್ದರು ಪ್ರಧಾನಿ ಮೋದಿ. ಸಬ್ಸಿಡಿ ಮುಗಿದ ದಿನ ಆ ಚಪ್ಪಲಿಯವರು ಮತ್ತೆ ಬಸ್‌ಸ್ಟ್ಯಾಂಡಿಗೇ.

ಇಷ್ಟಕ್ಕೂ ನಮ್ಮವರು ಬೆಂಗಳೂರಿಗೆ ಹೋಗುವ ರೀತಿ ನೋಡಿದ್ದೀರಾ? ಮಗ ಅಲ್ಲಿ ಕೆಲಸದಲ್ಲಿದ್ದಾನೆ. ಅವ್ವ ಒಂದು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟುತ್ತಾಳೆ. ಜೊತೆಗೆ ಸಿಂಧನೂರಿನ ಸೋನಾ ಮಸೂರಿ ಒಂದು ಚೀಲ, 25 ಕಿಲೋ. ರಾತ್ರಿ ಬಸ್ಸಿನ ಡಿಕ್ಕಿಗೆ ಇದೇನೂ ಭಾರವಲ್ಲ. ಕ್ಲೀನರ್‌ಗೆ ಚಹಾಕ್ಕೆ ಕೊಟ್ಟರೆ ಮುಗೀತು. ವಿಮಾನದಲ್ಲಿ 15 ಕಿಲೋ ದಾಟಿದರೆ ಕಿಲೋ ಲೆಕ್ಕದಲ್ಲಿ ದಂಡ. ಅಕ್ಕಿಗಿಂತ ಅಕ್ಕಿಯ ಟಿಕೆಟ್ಟೇ ಜಾಸ್ತಿ. ಇಳಿಯೋದು ದೇವನಹಳ್ಳಿಯಲ್ಲಿ, ಅಲ್ಲಿಂದ ಮನೆಗೆ ಟ್ಯಾಕ್ಸಿ ದುಡ್ಡು ಬೇರೆ. ರಾತ್ರಿ ರೈಲಿನವನು ಮಲಗಿ ಎದ್ದರೆ ಬೆಂಗಳೂರು, ಲಾಡ್ಜಿನ ಖರ್ಚೂ ಉಳಿಯಿತು.

ಉಕ್ಕಿನ ಕಾರ್ಖಾನೆ ಇರುವಲ್ಲಿ ಸಾಹೇಬರು ಹಾರುತ್ತಾರೆ, ಕಂಪನಿ ಟಿಕೆಟ್ ಕೊಡುತ್ತದೆ. ಸರಿ, ಅದೂ ಬೇಡಿಕೆಯೇ. ಆದರೆ ಆ ಸಾಹೇಬರನ್ನು ಇಡೀ ಕಲ್ಯಾಣ ಕರ್ನಾಟಕದಿಂದ ಗುಣಿಸಿ ಯೋಜನೆ ಮಾಡಿದರೆ ಹೇಗೆ?

ರಾಯಚೂರಿನ ಜನ ಏಮ್ಸ್ ಕೊಡಿ ಎಂದು ವರ್ಷಗಟ್ಟಲೆ ಧರಣಿ ಕೂತರು. ಆಸ್ಪತ್ರೆ ಕೇಳಿದವರಿಗೆ ವಿಮಾನ ತೋರಿಸೋದು, ಹೈದರಾಬಾದಿಗೆ ಬೇಗ ಹೋಗಿ ಹುಷಾರಾಗಿ ಬನ್ನಿ ಅಂತಲೋ ಏನೋ. ಸುಗ್ಗಿ ಮುಗಿದರೆ ಇದೇ ಜಿಲ್ಲೆಯವರು ಕೂಸು, ಪಾತ್ರೆ ಕಟ್ಟಿಕೊಂಡು ಗುಳೆ ಹೋಗುತ್ತಾರೆ, ಜನರಲ್ ಬೋಗಿಯ ಕಕ್ಕಸಿನ ಬಾಗಿಲಲ್ಲಿ ನಿಂತು. ಬೇಡಿಕೆ ಅಂದರೆ ಅದು ರೀ. ಯಾವ ಸಮೀಕ್ಷೆಯೂ ಬೇಡ, ಪ್ಲಾಟ್‌ಫಾರ್ಮಿಗೆ ಹೋಗಿ ನಿಂತರೆ ಕಾಣುತ್ತದೆ. ಎರಡು ಬೋಗಿ ಜಾಸ್ತಿ ಜೋಡಿಸಿ ಸಾಕು. ಆದರೆ ಯಾರು ಜೋಡಿಸ್ತಾರೆ? ಬೋಗಿಗೆ ಶಂಕುಸ್ಥಾಪನೆ ಮಾಡೋಕೆ ಬರಲ್ಲವಲ್ಲ.