ಹಾರುವ ಕಾರು ಮತ್ತು ಒಂದು ಬೆಸುಗೆ

ಅಕ್ಕನ ಮಗ ಮೊನ್ನೆ ವಾಟ್ಸಾಪ್‌ನಲ್ಲಿ ಹಾರುವ ಕಾರಿನ ವಿಡಿಯೊ ಕಳಿಸಿ, "ಮಾಮ, ನಿಮ್ಮ ಶೆಡ್ಡಲ್ಲೇ ಒಂದು ಮಾಡೋಣ್ವಾ?" ಅಂತ ಕೇಳಿದ್ದಾನೆ. ಮೆಕ್ಯಾನಿಕಲ್, ಮೂರನೇ ವರ್ಷ. ನಾನು ಪೀಣ್ಯದಲ್ಲಿ ಇಪ್ಪತ್ತು ವರ್ಷದಿಂದ ಗೇಟು, ಟ್ಯಾಂಕು, ಮೆಷಿನ್ ಫ್ರೇಮು ವೆಲ್ಡ್ ಮಾಡಿಕೊಂಡು ಬಂದವನು. ಅಲ್ಲೇ ಉತ್ತರ ಬರೆಯೋಕೆ ಹೋದೆ, ಉದ್ದವಾಯ್ತು.

ಎಲ್ಲರೂ ಎಂಜಿನ್ ಯಾವುದು ಅಂತ ಕೇಳುತ್ತಾರೆ. ಎಂಜಿನ್ ಸಿಗುತ್ತದೆ ಬಿಡಿ. ಸ್ಲೊವಾಕಿಯಾದ ಸ್ಟೆಫಾನ್ ಕ್ಲೈನ್ ತನ್ನ ಏರ್‌ಕಾರ್‌ಗೆ ಹಾಕಿದ್ದು ಬಿಎಂಡಬ್ಲ್ಯು ಕಾರಿನ 1.6 ಲೀಟರ್ ಪೆಟ್ರೋಲ್ ಎಂಜಿನ್. 2021ರ ಜೂನ್‌ನಲ್ಲಿ ನಿತ್ರಾದಿಂದ ಬ್ರಾಟಿಸ್ಲಾವಾಕ್ಕೆ 35 ನಿಮಿಷದಲ್ಲಿ ಹಾರಿ, ಇಳಿದು, ರೆಕ್ಕೆ ಮಡಚಿ, ಅದರಲ್ಲೇ ಊರೊಳಗೆ ಹೋದ. ಕಾರೂ ಇದೆ, ರೆಕ್ಕೆಯೂ ಇದೆ. ಎರಡೂ ಕೂಡುವ ಜಾಗ ಇದೆಯಲ್ಲ, ಕಷ್ಟ ಇರುವುದು ಅಲ್ಲಿ.

ಅದಕ್ಕೇ ನನಗೆ ಮೈಝಾರ್ ಎಂಬ ಹಾರುವ ಕಾರು ಮರೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೆನ್ರಿ ಸ್ಮೊಲಿನ್‌ಸ್ಕಿ ಎಂಬ ಎಂಜಿನಿಯರ್ ಫೋರ್ಡ್ ಪಿಂಟೊ ಕಾರಿಗೆ ಸೆಸ್ನಾ ಸ್ಕೈಮಾಸ್ಟರ್ ವಿಮಾನದ ರೆಕ್ಕೆ, ಹಿಂದಿನ ಎಂಜಿನ್, ಬಾಲ ಜೋಡಿಸಿದ್ದ. 1973ರ ಆಗಸ್ಟ್‌ನಲ್ಲಿ ಪೈಲಟ್ ಚಾರ್ಲ್ಸ್ ಜಾನಿಸ್ ಅದನ್ನು ಹಾರಿಸಿದ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಬಲ ರೆಕ್ಕೆಗೆ ಆಧಾರ ಕೊಡುವ ಕಂಬಿ ಕಾರಿಗೆ ಕೂಡುವ ಕಡೆ ಕಿತ್ತುಕೊಂಡಿತು. ಆತ ತಿರುಗಿಸುವ ಗೋಜಿಗೇ ಹೋಗಲಿಲ್ಲ. ನೇರ ಬೀನ್ಸ್ ಹೊಲಕ್ಕೆ ಇಳಿಸಿ, ರೆಕ್ಕೆ ಸಮೇತ ರಸ್ತೆಯಲ್ಲಿ ಓಡಿಸಿಕೊಂಡು ಏರ್‌ಪೋರ್ಟಿಗೆ ವಾಪಸ್ ಬಂದ!

ಯಾಕೆ ತಿರುಗಿಸಲಿಲ್ಲ? ಹಾರುವಾಗ ಕಾರು ಚಕ್ರದ ಮೇಲೆ ಕೂತಿರುವುದಿಲ್ಲ, ರೆಕ್ಕೆಗೆ ನೇತಾಡುತ್ತಿರುತ್ತದೆ. ಎತ್ತರ ಬಿಡದೆ 60 ಡಿಗ್ರಿ ವಾಲಿಸಿ ತಿರುಗಿಸಿದರೆ ರೆಕ್ಕೆ ಹೊರುವ ಭಾರ ಎರಡರಷ್ಟು. ಕಾರಿನ ಬಾಡಿ ಮಾಡಿದವರು ಅದನ್ನು ಯಾರೋ ಮೇಲಿಂದ ಹಿಡಿದು ಎಳೆಯುತ್ತಾರೆ ಅಂತ ಲೆಕ್ಕ ಹಾಕಿರುತ್ತಾರಾ?

ಸೆಪ್ಟೆಂಬರ್ 11ರಂದು ಜಾನಿಸ್ ಇರಲಿಲ್ಲ. ಸ್ಮೊಲಿನ್‌ಸ್ಕಿ ಮತ್ತು ಜೊತೆಗಾರ ಹೆರಾಲ್ಡ್ ಬ್ಲೇಕ್ ತಾವೇ ಹಾರಿದರು. ಮತ್ತೆ ಅದೇ ಬಲಗಡೆಯ ಕಂಬಿ ಕಿತ್ತುಕೊಂಡಿತು. ಇಬ್ಬರೂ ಸತ್ತರು. ಕೆಟ್ಟ ಬೆಸುಗೆಯೂ ಒಂದು ಕಾರಣ ಅಂತ ತನಿಖೆ ಹೇಳಿತು.

ಇದನ್ನು ಮೊದಲ ಸಲ ಓದಿದ ದಿನ ಶೆಡ್ಡಲ್ಲಿ ಸುಮ್ನೆ ಕೂತಿದ್ದೆ. ವೆಲ್ಡಿಂಗ್ ಮೋಸ ಮಾಡುವುದೇ ಹಾಗೆ. ಮೇಲೆ ಮೀನಿನ ಹುರುಪೆಯ ಹಾಗೆ ಚೆಂದದ ಸಾಲು, ಒಳಗೆ ಕಬ್ಬಿಣ ಕಬ್ಬಿಣಕ್ಕೆ ಹಿಡಿದೇ ಇರುವುದಿಲ್ಲ. ಕೆಂಪು ಬಣ್ಣ ಬಳಿದು, ಒರೆಸಿ, ಬಿಳಿ ಪುಡಿ ಸ್ಪ್ರೇ ಮಾಡಿ ನೋಡಿದರೆ ಮೇಲಿನ ಬಿರುಕು ಕಾಣಬಹುದು. ಒಳಗಿನದು ಅದಕ್ಕೂ ಕಾಣದು. ನನ್ನ ಗೇಟು ಕಿತ್ತು ಬಂದರೆ ಗಿರಾಕಿ ಬೈಯುತ್ತಾನೆ, ಅಷ್ಟೇ.

ಹಾಗಂತ ಜಾಸ್ತಿ ಗಟ್ಟಿ ಮಾಡಿದರೆ ತೂಕ ಏರುತ್ತದೆ, ಹಾರುವುದೇ ಕಷ್ಟ. ಅಮೆರಿಕದ ಮೋಲ್ಟ್ ಟೇಲರ್‌ನ ಏರೊಕಾರ್‌ನಲ್ಲಿ ರೆಕ್ಕೆ, ಬಾಲ ಬಿಚ್ಚಿ ಟ್ರೇಲರ್ ಥರ ಹಿಂದೆ ಎಳೆದುಕೊಂಡು ಹೋಗಬೇಕಿತ್ತು. 1956ರಲ್ಲಿ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಆದರೂ ಕಟ್ಟಿದ್ದು ಆರೇ ಆರು.

ಇನ್ನೊಂದು. ಇವಕ್ಕೆಲ್ಲ ರನ್‌ವೇ ಬೇಕು. ಅಂದರೆ ಪೀಣ್ಯದಿಂದ ಜಕ್ಕೂರಿನ ರನ್‌ವೇವರೆಗೆ ಟ್ರಾಫಿಕ್‌ನಲ್ಲೇ ತೆವಳಿಕೊಂಡು ಹೋಗಿ ಆಮೇಲೆ ಹಾರಬೇಕು.

ಬೇಡ ಅನ್ನುತ್ತಿಲ್ಲ ಕಣೋ. ಭಾನುವಾರ ಬಾ. ಎಂಟು ಎಂಎಂನ ಎರಡು ಪ್ಲೇಟ್ ಕೊಡುತ್ತೇನೆ, ನೀನೇ ವೆಲ್ಡ್ ಮಾಡು. ಆಮೇಲೆ ವೈಸ್‌ಗೆ ಕಚ್ಚಿಸಿ, ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿ ನೋಡೋಣ. ಹಳೇ ಶರ್ಟ್ ಹಾಕಿಕೊಂಡು ಬಾ.