ದಾರಿ ಬದಲಾದರೆ ಬೋಣಿಯೂ ಇಲ್ಲ

ಬೀದಿಬದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಲು ಹೊರಟ ಅಧಿಕಾರಿಗಳು "ಇದಕ್ಕಿಂತ ಒಳ್ಳೆಯ ಜಾಗ ಕೊಡುತ್ತೇವೆ" ಎಂದು ಹೇಳದೆ ಇರುವುದಿಲ್ಲ. ಹೊಸ ಜಾಗದಲ್ಲಿ ಸಿಮೆಂಟಿನ ಕಟ್ಟೆ, ನಲ್ಲಿ, ಬೀದಿದೀಪ ಎಲ್ಲವೂ ಇರುತ್ತವೆ, ಗಿರಾಕಿಯೊಬ್ಬ ಮಾತ್ರ ಇರುವುದಿಲ್ಲ. ಉದ್ಯೋಗದ ನಿಮಿತ್ತ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನೆಲೆಸಿರುವ ನಾನು ತರಕಾರಿ ಕೊಳ್ಳಲು ವಾರ್ವಿಕ್ ಜಂಕ್ಷನ್‌ಗೆ ಹೋಗುತ್ತೇನೆ. ಈ ಪ್ರದೇಶದ ಚರಿತ್ರೆಯನ್ನು ಓದಿಕೊಂಡು, ಅಲ್ಲಿನ ವ್ಯಾಪಾರವನ್ನು ನೋಡುತ್ತ ಬಂದ ಮೇಲೆ, ಬೀದಿ ವ್ಯಾಪಾರಿಯ ನಿಜವಾದ ಬಂಡವಾಳ ಅವನ ಸರಕಲ್ಲ, ಅವನ ಮುಂದೆ ಹಾದುಹೋಗುವ ಜನ ಎಂಬ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ.

ವಾರ್ವಿಕ್ ಜಂಕ್ಷನ್ ಎಂದರೆ ಒಂದೇ ಮಾರುಕಟ್ಟೆಯಲ್ಲ. ಬೆರಿಯಾ ರಸ್ತೆ ರೈಲು ನಿಲ್ದಾಣ, ಬಸ್ ನಿಲ್ದಾಣಗಳು ಮತ್ತು ಇಲ್ಲಿನ ಬಡವರ ಮುಖ್ಯ ವಾಹನವಾದ ಮಿನಿಬಸ್ ಟ್ಯಾಕ್ಸಿಗಳ ತಂಗುದಾಣಗಳ ನಡುವೆ, ಮೇಲ್ಸೇತುವೆಗಳ ಮೇಲೂ ಕೆಳಗೂ ಒಂದಕ್ಕೊಂದು ಅಂಟಿಕೊಂಡು ಬೆಳೆದಿರುವ ಒಂಬತ್ತು ಮಾರುಕಟ್ಟೆಗಳ ಗುಂಪು ಅದು. ದಿನಕ್ಕೆ ಸುಮಾರು 4,60,000 ಜನ ಇಲ್ಲಿ ಹಾದುಹೋಗುತ್ತಾರೆ ಎಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು, ವ್ಯಾಪಾರಿಗಳ ಸಂಖ್ಯೆ 5,000ದಿಂದ 8,000ದವರೆಗೆ. ಈ ಜನಸಂದಣಿ ತಾನಾಗಿ ಹುಟ್ಟಿದ್ದಲ್ಲ. ವರ್ಣಭೇದದ ಆಡಳಿತವು ಕರಿಯ ಕಾರ್ಮಿಕರನ್ನು ಉಮ್ಲಾಝಿ, ಕ್ವಾಮಾಶುಗಳಂಥ ದೂರದ ವಸತಿಗಳಿಗೆ ತಳ್ಳಿ, ದುಡಿಮೆಗೆ ಮಾತ್ರ ಊರಿನೊಳಗೆ ಬಿಟ್ಟುಕೊಳ್ಳುತ್ತಿತ್ತು. ಅವರ ರೈಲು, ಬಸ್ಸುಗಳು ಬಿಳಿಯರ ಪೇಟೆಯ ಅಂಚಿನಲ್ಲೇ ನಿಲ್ಲುತ್ತಿದ್ದವು. ಆ ಅಂಚೇ ಇಂದಿನ ವಾರ್ವಿಕ್. ಒಂದು ಅನ್ಯಾಯದ ನಗರಯೋಜನೆ ತನಗರಿವಿಲ್ಲದೆ ದೇಶದ ಅತ್ಯಂತ ಜನನಿಬಿಡ ವ್ಯಾಪಾರದ ದಾರಿಯೊಂದನ್ನು ನಿರ್ಮಿಸಿಬಿಟ್ಟಿತು.

ಇಲ್ಲಿನ ಹಳೆಯ ಮಾರುಕಟ್ಟೆಗೆ 'ಅರ್ಲಿ ಮಾರ್ನಿಂಗ್ ಮಾರ್ಕೆಟ್' ಎಂದು ಹೆಸರು. 1860ರಿಂದ ಕಬ್ಬಿನ ತೋಟಗಳಿಗೆ ಗಿರಮಿಟ್, ಅಂದರೆ ಕರಾರಿನ ಕೂಲಿಗಳಾಗಿ ಬಂದ ಭಾರತೀಯರು ಕರಾರು ಮುಗಿದ ಮೇಲೆ ತುಂಡು ಭೂಮಿಗಳಲ್ಲಿ ತರಕಾರಿ ಬೆಳೆಯತೊಡಗಿದರು, ಅವರು ಅದನ್ನು ಮಾರಲೆಂದು 1910ರಲ್ಲಿ ಈ ಮಾರುಕಟ್ಟೆ ಆರಂಭವಾಯಿತು. ಆ ಕುಟುಂಬಗಳ ಮೂರನೆಯ, ನಾಲ್ಕನೆಯ ತಲೆಮಾರಿನವರು ಇಂದಿಗೂ ಅದೇ ಕಟ್ಟೆಗಳ ಹಿಂದೆ ನಿಂತಿದ್ದಾರೆ, ಅವರ ಪಕ್ಕದಲ್ಲಿ ಝುಲು ಹೆಂಗಸರೂ ಇದ್ದಾರೆ. ಬಂದವರಲ್ಲಿ ಹೆಚ್ಚಿನವರು ತಮಿಳು, ತೆಲುಗು, ಭೋಜಪುರಿ ಮಾತನಾಡುತ್ತಿದ್ದವರಾದ್ದರಿಂದ ಕನ್ನಡ ಕಿವಿಗೆ ಬೀಳುವ ಆಸೆ ಇಟ್ಟುಕೊಳ್ಳಬಾರದು. ಆದರೆ ಕರಿಬೇವು, ಮೆಂತ್ಯದ ಸೊಪ್ಪು, ಹಸಿಮೆಣಸಿನಕಾಯಿಯ ಪಕ್ಕದಲ್ಲೇ ಝುಲು ಜನರ ಅಮದುಂಬೆಯ ರಾಶಿ ಬಿದ್ದಿರುತ್ತದೆ, ಅದು ನಮ್ಮ ಕೆಸವಿನ ಗೆಡ್ಡೆಯೇ. ಇನ್ನೊಂದು ಮೂಲೆಯಲ್ಲಿ ಪಂಜರದ ಕೋಳಿಗಳು. ಕೋಳಿ ಕೊಳ್ಳುವವಳು ಅದರ ರೆಕ್ಕೆ ಹಿಡಿದೆತ್ತಿ, ಎದೆಯ ಮೂಳೆಯನ್ನು ಒತ್ತಿ ನೋಡಿ, ತಲೆಯಲ್ಲಾಡಿಸಿ ವಾಪಸು ಬಿಟ್ಟು, ಮತ್ತೊಂದನ್ನು ಕೇಳುತ್ತಾಳೆ. ಈ ಪರೀಕ್ಷೆಗೆ ಸೂಪರ್‌ಮಾರ್ಕೆಟಿನ ಶೀತಲ ಪೆಟ್ಟಿಗೆಯಲ್ಲಿ ಅವಕಾಶವಿಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ದನದ ತಲೆ ಬೇಯಿಸುವವರ ಜಾಗ. ಇದನ್ನು ಓದುವಾಗ ಕೆಲವರಿಗೆ ಮುಜುಗರವಾಗಬಹುದು. ಆದರೂ ಬರೆಯುತ್ತೇನೆ, ಏಕೆಂದರೆ ನಗರಾಡಳಿತವೊಂದರ ಬುದ್ಧಿವಂತಿಕೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. ಝುಲು ಸಂಪ್ರದಾಯದಲ್ಲಿ ತಲೆಯ ಮಾಂಸ ಗಂಡಸರಿಗೆ ಮೀಸಲಾದ ಗೌರವದ ಊಟ, ಇಲ್ಲಿ ಅದನ್ನು ಬೇಯಿಸಿ ಮಾರುವವರು ಬಹುಪಾಲು ಹೆಂಗಸರು. ಬೆಂದ ಮಾಂಸವನ್ನು ಮರದ ಹಲಗೆಯ ಮೇಲೆ ಸಣ್ಣಗೆ ಕತ್ತರಿಸಿ, ಉಪ್ಪು ಉದುರಿಸಿ, ಹಬೆಯಲ್ಲಿ ಬೆಂದ ದಪ್ಪ ರೊಟ್ಟಿಯಂಥ ದೊಂಬೊಲೊ ಜೊತೆಗೆ ಕೊಡುತ್ತಾರೆ. ಗಿರಾಕಿಗಳು ಬೆಂಚಿನಲ್ಲಿ ಸಾಲಾಗಿ ಕುಳಿತು ಕೈಯಲ್ಲೇ ತಿನ್ನುತ್ತಾರೆ. ಮೊದಲು ಈ ಅಡುಗೆ ಫುಟ್‌ಪಾತಿನ ಮೇಲೆ ನಡೆಯುತ್ತಿತ್ತು, ಕೊಬ್ಬಿನ ನೀರು ಮಳೆನೀರಿನ ಚರಂಡಿಗೆ ಸೇರಿ ಹೆಪ್ಪುಗಟ್ಟಿ ಕಟ್ಟಿಕೊಳ್ಳುತ್ತಿತ್ತು. ಯಾವ ಊರಿನ ಆರೋಗ್ಯ ಇಲಾಖೆಯಾದರೂ ಒಂದೇ ಆದೇಶದಲ್ಲಿ ನಿಷೇಧಿಸಿ ಕೈತೊಳೆದುಕೊಳ್ಳುತ್ತಿತ್ತು. ಡರ್ಬನ್‌ನ ಅಧಿಕಾರಿಗಳು ಹಾಗೆ ಮಾಡದೆ, ಅಡುಗೆಯವರ ಜೊತೆ ಕುಳಿತು ಅವರ ಕೆಲಸದ ಕ್ರಮವನ್ನು ತಿಳಿದುಕೊಂಡು, ಆ ಕೆಲಸಕ್ಕೆಂದೇ ಮಳಿಗೆಗಳನ್ನು ರೂಪಿಸಿ ನೀರು ಮತ್ತು ಚರಂಡಿಯ ವ್ಯವಸ್ಥೆ ಒದಗಿಸಿದರು.

ವರ್ಣಭೇದ ಕೊನೆಗೊಂಡ ಬೆನ್ನಿಗೇ, 1990ರ ದಶಕದ ಉತ್ತರಾರ್ಧದಲ್ಲಿ ಆರಂಭವಾದ ವಾರ್ವಿಕ್ ನವೀಕರಣ ಯೋಜನೆಯ ಕಾಲದ ಮಾತಿದು. ಗಿಡಮೂಲಿಕೆ ಮಾರುಕಟ್ಟೆಯೂ ಅದರ ಫಲವೇ. ನಾರು, ಬೇರು, ತೊಗಟೆ ಮಾರುವವರು ಆಗ ಬೀದಿಯ ಅಂಚಿನಲ್ಲಿ ಮಳೆಯಲ್ಲಿ ನೆನೆಯುತ್ತ ಕೂರುತ್ತಿದ್ದರು. ಹಿಂದೆಂದೋ ಹೆದ್ದಾರಿಗೆಂದು ಕಟ್ಟಿ ಅರ್ಧಕ್ಕೆ ಬಿಟ್ಟಿದ್ದ, ಎಲ್ಲಿಗೂ ಹೋಗದ ಮೇಲ್ಸೇತುವೆಯ ತುಂಡುಗಳು ಪಕ್ಕದಲ್ಲೇ ಇದ್ದವು. ಅವುಗಳ ಮೇಲೆ ಮಳಿಗೆಗಳನ್ನು ಕಟ್ಟಿ, ಪಾದಚಾರಿ ಸೇತುವೆಯಿಂದ ರೈಲು ನಿಲ್ದಾಣದ ಕಡೆಗೆ ಜೋಡಿಸಲಾಯಿತು. ನನ್ನ ದೃಷ್ಟಿಯಲ್ಲಿ ಜಾಣತನವಿರುವುದು ಮಳಿಗೆಯಲ್ಲಲ್ಲ, ಆ ಜೋಡಣೆಯಲ್ಲಿ. ಸೇತುವೆ ಇಲ್ಲದಿದ್ದರೆ ಅಷ್ಟೆತ್ತರ ಹತ್ತಿ ಬೇರು ಕೊಳ್ಳಲು ಯಾರು ಹೋಗುತ್ತಿದ್ದರು? ಇಂದು ರೈಲು ಇಳಿದವರು ನಡೆಯುವ ದಾರಿಯಲ್ಲೇ ಇನ್‌ಯಾಂಗಾಗಳು, ಅಂದರೆ ಝುಲು ನಾಟಿವೈದ್ಯರು, ರೋಗಿಯ ಮಾತು ಕೇಳಿ ತೊಗಟೆಯನ್ನು ಕುಟ್ಟಿ ಪೊಟ್ಟಣ ಕಟ್ಟುತ್ತಿರುತ್ತಾರೆ. ಅನತಿ ದೂರದಲ್ಲಿ ಕೆಂಪು ಜೇಡಿಮಣ್ಣಿನ ಉಂಡೆಗಳನ್ನೂ, ನಾವು ಲೋಭಾನ ಹಾಕುವಂತೆ ಹಿರಿಯರ ಹೆಸರಿನಲ್ಲಿ ಸುಡುವ ಇಂಪೆಫೊ ಎಂಬ ಒಣ ಸೊಪ್ಪನ್ನೂ ಮಾರುತ್ತಾರೆ. ಈ ವ್ಯಾಪಾರದ ಬೆಲೆಯನ್ನು ಕಾಡು ತೆರುತ್ತಿದೆ ಎಂಬುದನ್ನೂ ಹೇಳಲೇಬೇಕು: ಇಸಿಭಾಹಾ ಎಂಬ ಖಾರದ ತೊಗಟೆಯ ಮರವನ್ನು ಸುಲಿದು ಸುಲಿದು ಅಪರೂಪದ ಮರವಾಗಿಸಲಾಗಿದೆ.

ಇಷ್ಟು ತಿಳಿವಳಿಕೆಯಿಂದ ನಡೆದುಕೊಂಡ ಅದೇ ನಗರಾಡಳಿತ 2009ರಲ್ಲಿ ಅರ್ಲಿ ಮಾರ್ನಿಂಗ್ ಮಾರ್ಕೆಟ್ಟಿನ ಜಾಗದಲ್ಲಿ ಮಾಲ್ ಕಟ್ಟಲು ಒಪ್ಪಿಗೆ ಕೊಟ್ಟಿತು. ಮುಂದಿನ ವರ್ಷ ಫುಟ್‌ಬಾಲ್ ವಿಶ್ವಕಪ್ಪಿತ್ತು, ಊರು ಚೆಂದ ಕಾಣಬೇಕಾಗಿತ್ತು. ಮಾರ್ಕೆಟ್ಟಿನ ಒಳಗಿನವರಷ್ಟೇ ಅಲ್ಲ, ಸುತ್ತಲಿನ ಬೀದಿ ವ್ಯಾಪಾರಿಗಳೂ ಇದನ್ನು ವಿರೋಧಿಸಿದರು. ಅವರ ಭಯಕ್ಕೆ ಸ್ಪಷ್ಟ ಲೆಕ್ಕವಿತ್ತು. ಟ್ಯಾಕ್ಸಿ ಇಳಿದ ಜನ ಮಾಲಿನ ಒಳಗಿಂದಲೇ ಪೇಟೆಗೆ ಹಾದುಹೋಗುವಂತಾದರೆ ಫುಟ್‌ಪಾತಿನಲ್ಲಿ ಟೊಮೇಟೊ ಗುಡ್ಡೆ ಹಾಕಿ ಕುಳಿತವಳಿಗೆ ಸಂಜೆಯವರೆಗೂ ಬೋಣಿಯಾಗುವುದಿಲ್ಲ. ಅವಳನ್ನು ಯಾರೂ ಒಕ್ಕಲೆಬ್ಬಿಸಬೇಕಾಗಿಲ್ಲ, ಅವಳೇ ಎದ್ದು ಹೋಗುತ್ತಾಳೆ. ಪ್ರತಿಭಟನೆಗಳು ನಡೆದವು, ಪೊಲೀಸರು ರಬ್ಬರ್ ಗುಂಡು ಹಾರಿಸಿದರು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ವಿಶ್ವಕಪ್ ಬಂದು ಹೋಯಿತು. 2011ರಲ್ಲಿ ನಗರಸಭೆ ತನ್ನ ನಿರ್ಣಯವನ್ನು ಹಿಂದಕ್ಕೆ ಪಡೆಯಿತು. ನೂರು ದಾಟಿದ ಮಾರುಕಟ್ಟೆ ಉಳಿಯಿತು.

"ಅಭಿವೃದ್ಧಿಗೆ ಅಡ್ಡ ಬಂದರು" ಎಂಬ ಆರೋಪವನ್ನು ಈ ವ್ಯಾಪಾರಿಗಳ ಮೇಲೆ ಹೊರಿಸುವುದನ್ನು ಇಲ್ಲಿನ ಭಾರತೀಯ ಗೆಳೆಯರ ಬಾಯಲ್ಲೂ ಕೇಳಿದ್ದೇನೆ. ನನಗದು ಒಪ್ಪಿಗೆಯಿಲ್ಲ. ಬೆಳಗಿನ ಜಾವ ಗೋದಾಮಿನಿಂದ ಸರಕು ಎಳೆದು ತರುವ ತಳ್ಳುಗಾಡಿಯವರು, ಡ್ರಮ್ಮಿನಲ್ಲಿ ಮುಸುಕಿನ ಜೋಳ ಬೇಯಿಸುವ ಹೆಂಗಸರು, ಅಂಗಡಿಗಳ ರಟ್ಟು ಆಯ್ದು ಮಾರುವ ಅಜ್ಜಿಯರು, ಇವರೆಲ್ಲರ ದುಡಿಮೆ ಒಂದರ ಕೊಂಡಿಗೆ ಇನ್ನೊಂದು ಸಿಕ್ಕಿಸಿಕೊಂಡಿದೆ. ನಿರುದ್ಯೋಗ ಇಷ್ಟು ತೀವ್ರವಾಗಿರುವ ದೇಶದಲ್ಲಿ ಸರ್ಕಾರದ ಕಾಸಿಲ್ಲದೆ ಸಾವಿರಾರು ಮನೆಗಳ ಒಲೆ ಉರಿಸುವ ವ್ಯವಸ್ಥೆಯನ್ನು ಅಡ್ಡಿಯೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಮಾಲಿನ ಗಂಡಾಂತರ ಕಳೆದರೂ ಸಣ್ಣಪುಟ್ಟ ಕಿರುಕುಳ ನಿಲ್ಲಲಿಲ್ಲ. 2013ರಲ್ಲಿ ಡರ್ಬನ್‌ನ ಒಬ್ಬ ವಯಸ್ಸಾದ ವ್ಯಾಪಾರಿಯ ಸರಕನ್ನು ನಗರಾಡಳಿತದ ಪೊಲೀಸರು ಜಪ್ತಿ ಮಾಡಿದರು. ಅದರ ಬೆಲೆ 775 ರ‍್ಯಾಂಡ್. ಆತ ಹೈಕೋರ್ಟಿಗೆ ಹೋದ, 2015ರಲ್ಲಿ ನ್ಯಾಯಾಲಯ ಜಪ್ತಿಗೆ ಅವಕಾಶ ಕೊಡುವ ನಿಯಮವನ್ನೇ ಅಸಾಂವಿಧಾನಿಕವೆಂದು ಘೋಷಿಸಿ, ಆ ಹಣವನ್ನೂ ಕೊಡಿಸಿತು. ಜೋಹಾನ್ಸ್‌ಬರ್ಗಿನಲ್ಲಂತೂ 2013ರ ಅಕ್ಟೋಬರಿನಲ್ಲಿ 'ಕ್ಲೀನ್ ಸ್ವೀಪ್' ಎಂಬ ಹೆಸರಿನಲ್ಲಿ ಪರವಾನಗಿ ಇದ್ದವರನ್ನೂ ಇಲ್ಲದವರನ್ನೂ ಒಟ್ಟಿಗೆ ಗುಡಿಸಿ ಹಾಕಲಾಗಿತ್ತು. ವ್ಯಾಪಾರಿಗಳು ಮರಳಿ ಕೂರಲು ಸಂವಿಧಾನ ನ್ಯಾಯಾಲಯವೇ ಡಿಸೆಂಬರಿನಲ್ಲಿ ಆದೇಶ ನೀಡಬೇಕಾಯಿತು. ಕಸಬರಿಗೆಯ ಹೆಸರನ್ನು ಮನುಷ್ಯರನ್ನು ತೆರವು ಮಾಡುವ ಕಾರ್ಯಾಚರಣೆಗೆ ಇಟ್ಟವರ ಮನಸ್ಸು ಎಂಥದೋ.

ವಾರ್ವಿಕ್ಕನ್ನು ಹೊಗಳಿ ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. ಜೇಬುಗಳ್ಳರಿದ್ದಾರೆ, ಅಗ್ಗದ ಮಾದಕವಸ್ತುವಿಗೆ ಬಲಿಬಿದ್ದ ಹುಡುಗರು ಸೇತುವೆಗಳ ಕೆಳಗೆ ಬಿದ್ದಿರುತ್ತಾರೆ, ನೆರೆಯ ದೇಶಗಳಿಂದ ಬಂದ ವ್ಯಾಪಾರಿಗಳು ಆಗಾಗ ಭುಗಿಲೇಳುವ ದ್ವೇಷಕ್ಕೆ ಹೆದರಿ ಬದುಕುತ್ತಾರೆ. ಹಿಂದೆ ಕಟ್ಟಿಸಿದ್ದರ ನಿರ್ವಹಣೆಯೂ ಸೊರಗಿದೆ. ಇವೆಲ್ಲವನ್ನೂ ಮುಂದಿಟ್ಟು ಮಾರುಕಟ್ಟೆಯನ್ನೇ ತೆಗೆಯಬೇಕೆನ್ನುವವರು ಶೌಚಾಲಯ ಕೆಟ್ಟಿತೆಂದು ರೈಲು ನಿಲ್ದಾಣವನ್ನು ಮುಚ್ಚಿ ಎನ್ನುವುದಿಲ್ಲವಲ್ಲ.

ಭಾರತಕ್ಕೂ ಈ ಊರಿನ ಬೀದಿ ವ್ಯಾಪಾರಿಗಳಿಗೂ ಗಿರಮಿಟ್ ಮೀರಿದ ನಂಟೊಂದಿದೆ. 1994ರಲ್ಲಿ ಡರ್ಬನ್‌ನಲ್ಲಿ ಹುಟ್ಟಿದ ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆ 'ಸೆವು'ಗೆ ಮಾದರಿಯಾಗಿದ್ದುದು ಅಹಮದಾಬಾದಿನ ಅಂಥದೇ ಸಂಘಟನೆ 'ಸೇವಾ'. ಫುಟ್‌ಪಾತಿನಲ್ಲಿ ಮಾರುವ ಹೆಂಗಸರಿಗೆ ನೆರಳು, ನೀರು, ಶೌಚಾಲಯ ಬೇಕೆಂದು 'ಸೆವು' ಡರ್ಬನ್ ನಗರಾಡಳಿತದ ಎದುರು ಕುಳಿತು ಚೌಕಾಸಿ ಮಾಡಿತು. 'ಸೆವು' 2004ರಲ್ಲಿ ಮುಚ್ಚಿಹೋಯಿತು. ನಮ್ಮಲ್ಲಿ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಪ್ರತಿ ಪಟ್ಟಣದಲ್ಲೂ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು ಎನ್ನುತ್ತದೆ. ಕಾಗದದ ಮೇಲೆ ಡರ್ಬನ್ನಿಗಿಂತ ನಾವೇ ಮುಂದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇನ್ನು ಮುಂದೆ "ಪರ್ಯಾಯ ಜಾಗ" ಎಂಬ ಪ್ರಸ್ತಾಪ ಬಂದಾಗ ಆ ಪ್ರತಿನಿಧಿಗಳು ನಕ್ಷೆ ನೋಡುವ ಮೊದಲು ಒಂದು ಬೇಡಿಕೆ ಇಡಲಿ: ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ, ಸಂಜೆ ಐದರಿಂದ ಎಂಟರವರೆಗೆ ಆ ಜಾಗದ ಮುಂದೆ ಎಷ್ಟು ಜನ ನಡೆದುಹೋಗುತ್ತಾರೆಂದು ಎಣಿಸಿ ತನ್ನಿ, ಆಮೇಲೆ ಮಾತನಾಡೋಣ.